ಮರೆಪ್ಪನ ಸರೇಸು

ಮರೆಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ತಿಕೋಟಾದ ಅವನ ಓಣಿಯವರು ಹೇಳುವುದುಂಟು. ಶುದ್ಧ ಸುಳ್ಳು. ಮೂಗಿನ ತುದಿಯ ಸಿಟ್ಟಾಗಿದ್ದರೆ ಒಂದು ಸೀನಿಗೆ ಹೋಗಿಬಿಡುತ್ತಿತ್ತು. ಮರೆಪ್ಪನ ಸಿಟ್ಟು ಅವನ ಹಿತ್ತಲಿನ ಒಲೆಯ ಮೇಲಿನ ಗಡಿಗೆಯಂಥದು. ಕುದಿದು ಉಕ್ಕುವುದಿಲ್ಲ, ಆರಿ ತಣ್ಣಗಾಗುವುದೂ ಇಲ್ಲ. ಅರವತ್ತೆರಡು ವರ್ಷದಿಂದ ಅದು ಒಂದೇ ಹದದಲ್ಲಿ ಕಾಯುತ್ತ ಬಂದಿದೆ.

ಆ ಶನಿವಾರ ಬೆಳಿಗ್ಗೆಯೂ ಅವನು ಬೇವಿನ ಮರದ ಕೆಳಗೆ ಮೂರು ಇಟ್ಟಂಗಿಯ ಒಲೆ ಹೂಡಿ, ಗಡಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಗಡಿಗೆಯಲ್ಲಿದ್ದದ್ದು ಮೇಕೆಯ ತೊಗಲಿನ ಚೂರು. ಬಬಲೇಶ್ವರದಲ್ಲಿ ಹಲಗೆ ವಾದ್ಯ ಕಟ್ಟುವ ಮಾಳು ಎಂಬವನಿದ್ದಾನೆ. ಹಲಗೆಯ ಬಾಯಿಗೆ ತೊಗಲು ಬಿಗಿದ ಮೇಲೆ ಉಳಿಯುವ ಅಂಚನ್ನು ಅವನು ಎಸೆಯದೆ ಗೋಣಿಚೀಲದಲ್ಲಿ ತುಂಬಿಡುತ್ತಾನೆ. ಮರೆಪ್ಪ ವಿಜಯಪುರದಲ್ಲಿ ಬಸ್ಸು ಬದಲಿಸಿ ಹೋಗಿ ಅದನ್ನು ತರುತ್ತಾನೆ, ಸುಣ್ಣದ ನೀರಲ್ಲಿ ನೆನೆಹಾಕುತ್ತಾನೆ, ಸುಣ್ಣದ ಅಂಶ ಹೋಗುವತನಕ ಏಳೆಂಟು ನೀರಲ್ಲಿ ತೊಳೆಯುತ್ತಾನೆ, ಆಮೇಲೆ ಸಣ್ಣ ಉರಿಯಲ್ಲಿ ಅರ್ಧ ದಿನ ಕಾಸುತ್ತಾನೆ. ಕುದಿ ಬರಬಾರದು. ಬಂದರೆ ಅಂಟಿನ ಕಸುವೇ ಹೋಯಿತು. ಬಟ್ಟೆಯಲ್ಲಿ ಸೋಸಿ ತಾಟಿಗೆ ಹುಯ್ದರೆ ಸಂಜೆಗೆ ಹೆಪ್ಪುಗಟ್ಟುತ್ತದೆ. ಅದನ್ನು ಕತ್ತರಿಸಿ ನೆರಳಲ್ಲಿ ಒಣಗಿಸಿದರೆ ಜೇನಿನ ಬಣ್ಣದ ಬಿಲ್ಲೆಗಳು. ಬೇಕಾದಾಗ ನಾಲ್ಕು ಬಿಲ್ಲೆ ನೆನೆಹಾಕಿ, ಬಿಸಿನೀರಿನ ಪಾತ್ರೆಯಲ್ಲಿ ಇನ್ನೊಂದು ಡಬ್ಬಿ ಇಟ್ಟು ಕರಗಿಸಿಕೊಂಡರಾಯಿತು. ಬಡಿಗರು ಇದಕ್ಕೆ ಸರೇಸು ಎನ್ನುತ್ತಾರೆ. ಪೇಟೆಯ ಬಿಳಿ ಅಂಟು ಬರುವ ಮೊದಲು ಇಡೀ ಸೀಮೆಯ ಕಪಾಟು, ಕುರ್ಚಿ, ತೊಟ್ಟಿಲು ಎಲ್ಲ ಇದರಲ್ಲೇ ನಿಂತಿದ್ದವು.

ಗಾಳಿ ಮನೆಯ ಕಡೆ ತಿರುಗಿತು. ಹೆಂಡತಿ ಚಂದ್ರಾಬಾಯಿ ಸೆರಗನ್ನು ಮೂಗಿಗೆ ಒತ್ತಿಕೊಂಡು ಹಿತ್ತಲ ಬಾಗಿಲಿಗೆ ಬಂದಳು.

"ಮಾವನೋರು ಈ ಗಡಿಗಿ ಬಿಟ್ಟು ಬುದ್ಧವಿಹಾರಕ್ಕ ಹೋದ್ರು. ನೀವು ವಿಹಾರಕ್ಕ ಹೋಗಿ ಕೈ ಮುಗದು ಬಂದು ಮತ್ತ ಗಡಿಗಿ ಮುಂದ ಕುಂಡ್ರತೀರಿ."

"ಅಪ್ಪಗ ಇದನ್ನ ಮಾಡು ಅಂತ ಮಂದಿ ಹೇಳ್ತಿದ್ರು. ನನಗ ಯಾರೂ ಹೇಳಿಲ್ಲ. ಇದು ನನ್ನ ಖುಷಿ."

"ಖುಷಿ ಆಗಿದ್ರ ಮಂದಿ ಮುಂದ ಅಂಟಿನ ಹೆಸರ್ಯಾಕ ಬದಲಿ ಮಾಡೀರಿ?"

ಮರೆಪ್ಪ ಕಟ್ಟಿಗೆ ಹಿಂದಕ್ಕೆ ಎಳೆದು ಉರಿ ಸಣ್ಣಗೆ ಮಾಡಿದ. ಈ ಒಂದು ಮಾತನ್ನು ಅವಳು ಒಂಬತ್ತು ವರ್ಷದಿಂದ ಕೇಳುವುದನ್ನು ಬಿಟ್ಟಿರಲಿಲ್ಲ.

ಮರೆಪ್ಪ ವಿಜಯಪುರದ ಬಸ್ ಡಿಪೋದಲ್ಲಿ ಮೂವತ್ತೈದು ವರ್ಷ ಬಸ್ಸಿನ ಬಾಡಿ ಕಟ್ಟುವ, ತಿದ್ದುವ ಕೆಲಸದಲ್ಲಿದ್ದವನು. ದಿನವೂ ತಿಕೋಟಾದಿಂದ ಹೋಗಿ ಬರುವುದು. ಊಟದ ಬಿಡುವಿನಲ್ಲಿ ಬೇರೆಯವರು ಇಸ್ಪೀಟು ಎಳೆದರೆ ಇವನು ಹಳೆಯ ಸೀಟಿನ ಮರದ ಚೂರು ಕೆತ್ತಿ ಅಂಗೈಯಷ್ಟು ಬಸ್ಸು ಮಾಡುತ್ತಿದ್ದ. ಕನಮಡಿ ಬಸ್ಸು, ಮಮದಾಪುರ ಬಸ್ಸು, ಬಾಗಿಲು ಸರಿಯಾಗಿ ಮುಚ್ಚದ ಬಬಲೇಶ್ವರದ ಬಸ್ಸು. ಆ ಬಾಗಿಲು ಅವನ ಬಸ್ಸಿನಲ್ಲೂ ಸರಿಯಾಗಿ ಮುಚ್ಚುತ್ತಿರಲಿಲ್ಲ. ಪೇಟೆಯ ಅಂಟು ತಂದು ಅಂಟಿಸಿ ನೋಡಿದ. ಬೆಂಕಿಕಡ್ಡಿ ಗಾತ್ರದ ಕಂಬಕ್ಕೆ ಅದು ಒಗ್ಗಲಿಲ್ಲ. ಒಣಗುವತನಕ ಜಾರುತ್ತದೆ, ಒಣಗಿದ ಮೇಲೆ ಬೆಳ್ಳಗೆ ಕಲೆ ಬಿಡುತ್ತದೆ. ಆಗ ಅಪ್ಪನ ಗಡಿಗೆ ನೆನಪಾಯಿತು.

ಅಪ್ಪ ಯಲಗೂರಪ್ಪ ಕಾಖಂಡಕಿಯವನು. ಎತ್ತಿನ ಕೊರಳಿನ ಜತಿಗೆ, ತೊಗಲಿನ ಮಿಣಿ ಹಗ್ಗ, ಚಪ್ಪಲಿ ಹೊಲಿಯುತ್ತ, ಉಳಿದ ತೊಗಲಿನಿಂದ ಸರೇಸು ಕಾಸಿ ಬಡಿಗರಿಗೆ ಕೊಡುತ್ತಿದ್ದ. ಮರೆಪ್ಪನಿಗೆ ಹತ್ತೋ ಹನ್ನೊಂದೋ ಆಗಿದ್ದಾಗ ಓಣಿಯ ಗಂಡಸರೆಲ್ಲ ಕೂಡಿ ಇನ್ನು ತೊಗಲು ಮುಟ್ಟುವುದಿಲ್ಲ ಎಂದು ಪಣ ತೊಟ್ಟರು. ಅಪ್ಪ ಗಡಿಗೆಯನ್ನು ತಿಪ್ಪೆಯ ಮೇಲೆ ಒಡೆದು, ಹೆಂಡತಿ ಮಕ್ಕಳನ್ನು ಕರೆದುಕೊಂಡು ತಿಕೋಟಾಕ್ಕೆ ಬಂದು ರಸ್ತೆಯ ಕೆಲಸಕ್ಕೆ ಸೇರಿದ. "ನಿನ್ನ ಕೈಗೆ ಈ ವಾಸನಿ ಹತ್ತಬಾರ್ದು" ಎಂದು ಮಗನಿಗೆ ಹೇಳಿದ. ಮಗನ ಕೈಗೆ ಡೀಸೆಲ್ಲಿನ ವಾಸನೆ ಹತ್ತಿತು, ಅಪ್ಪ ನಿಶ್ಚಿಂತೆಯಿಂದ ತೀರಿಕೊಂಡ. ಆದರೆ ಕೈಗಳು ಎಲ್ಲವನ್ನೂ ನೆನಪಿಟ್ಟಿದ್ದವು. ಎಷ್ಟು ಸುಣ್ಣ, ಎಷ್ಟು ಉರಿ, ಬೆರಳ ತುದಿಗೆ ಹಚ್ಚಿಕೊಂಡು ಎಳೆದರೆ ಎಷ್ಟು ನೂಲು ಬರಬೇಕು. ಮೊದಲ ಸಲ ಸರೇಸಿನಲ್ಲಿ ಬಸ್ಸಿನ ಕಂಬ ನಿಲ್ಲಿಸಿ, ಹೆಬ್ಬೆರಳು ಒತ್ತಿ ಮೂವತ್ತು ಎಣಿಸಿ ಬಿಟ್ಟಾಗ ಅದು ಅಲುಗಲಿಲ್ಲ. ಮರೆಪ್ಪನಿಗೆ ಆ ದಿನ ಆದ ಸಂತೋಷ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ಅವನು ಚಂದ್ರಾಬಾಯಿಗೆ ಹೇಳಿಲ್ಲ, ಹೇಳುವಷ್ಟು ದಡ್ಡನೂ ಅಲ್ಲ.

ಸುಳ್ಳು ಶುರುವಾದದ್ದು ಒಂಬತ್ತು ವರ್ಷದ ಹಿಂದೆ, ಅರುಣಕುಮಾರನ ಮನೆಯಲ್ಲಿ. ಅರುಣಕುಮಾರ ವಿಜಯಪುರದಲ್ಲಿ ಒಣದ್ರಾಕ್ಷಿ ವ್ಯಾಪಾರ ಮಾಡುವವನು. ಬಿಡುವಿನಲ್ಲಿ ಕಟ್ಟಡಗಳ ಸಣ್ಣ ಮಾದರಿ ಕಟ್ಟುವುದು ಅವನ ಹುಚ್ಚು. ಅದೇ ಹುಚ್ಚಿನ ಇಬ್ಬರು ಭಾನುವಾರಕ್ಕೊಮ್ಮೆ ಅವನ ಮನೆಯ ಮಾಳಿಗೆಯಲ್ಲಿ ಸೇರುತ್ತಿದ್ದರು. ಒಬ್ಬಾಕೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ವಿದ್ಯಾವತಿ, ಇನ್ನೊಬ್ಬ ಕಪಾಟುಗಳಿಗೆ ಪಾಲಿಶ್ ಹೊಡೆಯುವ ಮುದುಕ ಗೈಬುಸಾಬ. ಡಿಪೋದ ಯಾವುದೋ ಸಮಾರಂಭದಲ್ಲಿ ಮರೆಪ್ಪನ ಬಸ್ಸು ನೋಡಿ ವಿದ್ಯಾವತಿಯೇ ಅವನನ್ನು ಅಲ್ಲಿಗೆ ಕರೆದುಕೊಂಡು ಹೋದರು. ಮರೆಪ್ಪ ಹಿಂಜರಿಯುತ್ತ ಚಪ್ಪಲಿ ಬಿಟ್ಟು ಒಳಗೆ ಹೋದ. ಅರುಣಕುಮಾರನ ತಾಯಿ ಕಾಳವ್ವ ಎಲ್ಲರಿಗೂ ಚಹಾ ತಂದರು. ಎಲ್ಲರಿಗೂ ಒಂದೇ ನಮೂನೆಯ ಪಿಂಗಾಣಿ ಕಪ್ಪು. ಅದನ್ನು ಮರೆಪ್ಪ ಗಮನಿಸಿದ. ಗಮನಿಸಬೇಕಾಗಿ ಬಂದದ್ದಕ್ಕೇ ಅವನಿಗೆ ಸಿಟ್ಟು ಬಂತು. ಸರಿಯಾಗಿ ಅದೇ ಹೊತ್ತಿಗೆ ಅರುಣಕುಮಾರ ಬಸ್ಸನ್ನು ಕೈಯಲ್ಲಿ ತಿರುಗಿಸುತ್ತ, "ಎಂಥಾ ಅಂಟ್ರೀ ಕಾಕಾ ಇದು? ಜಗ್ಗಿದ್ರೂ ಬಿಡವಲ್ದು" ಎಂದು ಕೇಳಿದ.

ಚಹಾದ ಕಪ್ಪು ತುಟಿಯ ಹತ್ತಿರವಿತ್ತು. ಕಾಳವ್ವ ಎದುರಿಗೇ ನಿಂತಿದ್ದರು.

"ಹುಣಸಿಬೀಜದ್ದರಿ. ಮನ್ಯಾಗ ಕಾಸ್ತೀನಿ" ಎಂದುಬಿಟ್ಟ ಮರೆಪ್ಪ.

ಒಂದು ಸುಳ್ಳು ಹೇಳಿದರೆ ಅದಕ್ಕೆ ಮನೆ, ಮಠ, ಮಕ್ಕಳು ಮರಿ ಎಲ್ಲ ಹುಟ್ಟಿಕೊಳ್ಳುತ್ತವೆ. ಎಲ್ಲರೂ ಅವನ ಅಂಟು ಕೇಳಿದರು, ಕೊಟ್ಟ. ಡಬ್ಬಿಯ ಮೇಲೆ ವಿದ್ಯಾವತಿ ನೀಟಾಗಿ 'ಮರೆಪ್ಪನವರ ಹುಣಸೆ ಬೀಜದ ಅಂಟು' ಎಂದು ಚೀಟಿ ಹಚ್ಚಿದರು. ಆಮೇಲೆ ಮಾಡುವ ಕ್ರಮ ಕೇಳಿದರು. ಮರೆಪ್ಪ ತಲೆಗೆ ಬಂದದ್ದು ಹೇಳಿದ. ಬೀಜ ಹುರಿಯಬೇಕು, ಸಿಪ್ಪೆ ತೆಗೆಯಬೇಕು, ರುಬ್ಬಬೇಕು, ಕುದಿಸಬೇಕು. ಅಂಥ ಅಂಟೂ ಲೋಕದಲ್ಲಿ ಉಂಟು, ಕಂಬಳಿಗೆ ಗಂಜಿ ಹಾಕುವವರು ಅದನ್ನೇ ಹಾಕುತ್ತಾರೆ. ಆದರೆ ಅದು ಸರೇಸಲ್ಲ. ವಿದ್ಯಾವತಿ ಮಾಡಿ ತಂದದ್ದು ಕಾಗದ ಹಿಡಿಯಿತು, ಕಂಬ ಹಿಡಿಯಲಿಲ್ಲ. "ನಿಮ್ಮದರಂಗ ಆಗವಲ್ದಲ್ರೀ" ಎಂದರು. "ಹುರಿಯೋದು ಹೆಚ್ಚಾಗೇತ್ರಿ ಅಕ್ಕೋರ" ಎಂದ ಮರೆಪ್ಪ. ಮತ್ತೊಮ್ಮೆ ಮಾಡಿ ತಂದರು. "ಹುರಿಯೋದು ಕಡಿಮಿ ಆಗೇತ್ರಿ" ಎಂದ. ಆ ಹೆಂಗಸನ್ನು ಹೀಗೆ ನಾಲ್ಕು ಸಲ ಒಲೆಯ ಮುಂದೆ ನಿಲ್ಲಿಸಿದ್ದಕ್ಕೆ ಅವನಿಗೆ ಅವನ ಮೇಲೇ ಅಸಹ್ಯವಾಗಿತ್ತು. ಹೇಳಿಬಿಡಬೇಕು ಅನ್ನಿಸುತ್ತಿತ್ತು. ಅಷ್ಟರಲ್ಲಿ ಕಾಳವ್ವ ಚಹಾ ತರುತ್ತಿದ್ದರು.

ಮೂರು ವರ್ಷದ ಹಿಂದೆ ಅರುಣಕುಮಾರ ಒಂದು ದೊಡ್ಡ ಕೆಲಸ ತಲೆಗೆ ಹಚ್ಚಿಕೊಂಡ. ಕಾಖಂಡಕಿಯಲ್ಲಿ ಅವನ ಮುತ್ತಜ್ಜ ಕಟ್ಟಿಸಿದ ಕಂಬಸಾಲಿನ ದೊಡ್ಡ ಮನೆ, ವಾಡೆ, ಬಿದ್ದುಹೋಗಿತ್ತು. ತೊಲೆ, ಬಾಗಿಲು ಮಾರಾಟವಾಗಿದ್ದವು. ಹಳೆಯ ಫೋಟೋಗಳನ್ನು ಇಟ್ಟುಕೊಂಡು ಇಡೀ ವಾಡೆಯನ್ನು ನಾಲ್ಕು ಅಡಿ ಅಗಲದಲ್ಲಿ ಮತ್ತೆ ಕಟ್ಟೋಣ ಎಂದ. ನಾಲ್ವರೂ ಕೂಡಿದರು. ಕಂಬ ಕೆತ್ತಿದ್ದು ಅರುಣಕುಮಾರ, ಅಳತೆ ವಿದ್ಯಾವತಿಯದು, ಬಣ್ಣ ಮತ್ತು ಹೊಳಪು ಗೈಬುಸಾಬನದು. ಜೋಡಣೆ ಎಲ್ಲ ಮರೆಪ್ಪನದು. ಎಂಬತ್ನಾಲ್ಕು ಕಂಬ, ಅವುಗಳ ತಲೆಯ ಬೋದಿಗೆ, ಜಂತಿ, ಪಡಸಾಲೆ, ಅಟ್ಟ, ಒಳಗಡೆ ಹೆಬ್ಬೆರಳಿನಷ್ಟು ಬಾಗಿಲಿನ ದೇವರ ಮನೆ. ತನ್ನ ಊರು ಕಾಖಂಡಕಿ ಎಂದು ಮರೆಪ್ಪ ಅಲ್ಲಿ ಯಾರಿಗೂ ಹೇಳಿರಲಿಲ್ಲ. ತಿಕೋಟಾದವನು ಎಂದೇ ಹೇಳಿಕೊಂಡಿದ್ದ. ಆ ವಾಡೆಯ ಹೊರಗೋಡೆಯನ್ನು ಅವನು ಚಿಕ್ಕವನಿದ್ದಾಗ ನೋಡಿದ್ದ. ಒಳಗೆ ಏನಿತ್ತೆಂಬುದು ಅವನಿಗೆ ಗೊತ್ತಾದದ್ದು ಫೋಟೋ ನೋಡಿ, ತನ್ನ ಕೈಯಾರೆ ಕಟ್ಟಿದ ಮೇಲೆ.

ಈಗ ವಾಡೆ ಮುಗಿದಿತ್ತು. ವಿಜಯಪುರದ ಒಂದು ಸಭಾಭವನದಲ್ಲಿ ಸೋಮವಾರದಿಂದ ತಿಂಗಳ ಕಾಲ ಗಾಜಿನ ಪೆಟ್ಟಿಗೆಯಲ್ಲಿ ಇಡುವವರಿದ್ದರು. ಆ ಶನಿವಾರ, ಗಡಿಗೆಯ ಮುಂದೆ ಕೂತಿದ್ದಾಗಲೇ, ಮರೆಪ್ಪನ ಮೊಬೈಲಿಗೆ ಅರುಣಕುಮಾರ ಒಂದು ಫೋಟೋ ಕಳಿಸಿದ. ಪೆಟ್ಟಿಗೆಯ ಮುಂದೆ ಇಡುವ ಹಿತ್ತಾಳೆಯ ಫಲಕ. 'ಕಟ್ಟಿದವರು' ಎಂದು ಬರೆದು ನಾಲ್ಕು ಹೆಸರು, ಮೊದಲನೆಯದೇ ಮರೆಪ್ಪನದು. ಹಾಜರಿ ಪುಸ್ತಕ, ಅಂಟಿನ ಡಬ್ಬಿಯ ಚೀಟಿ ಬಿಟ್ಟರೆ ಅವನ ಹೆಸರು ಎಲ್ಲಿಯೂ ಬರೆದದ್ದಿರಲಿಲ್ಲ. ಮೂರು ವರ್ಷ ಅವನು ಕಾದದ್ದು ಈ ಮೂರಕ್ಷರಕ್ಕೆ. ಕಣ್ಣು ಮಂಜಾಯಿತು. ಒರೆಸಿಕೊಂಡು ಕೆಳಗೆ ಓದಿದ: 'ಮರ: ಹಳೆಯ ಸಾಗವಾನಿ. ಅಂಟು: ಮನೆಯಲ್ಲೇ ಕಾಸಿದ ಹುಣಸೆ ಬೀಜದ ಅಂಟು.'

ಬಾಯಲ್ಲಿ ಆಡಿದ ಸುಳ್ಳು ಗಾಳಿಗೆ ಹೋಗುತ್ತದೆ. ಇದು ಹಿತ್ತಾಳೆ. ಮರೆಪ್ಪ ಎದ್ದು ನಿಂತ, ಕೂತ, ಮತ್ತೆ ಎದ್ದ. ಗಡಿಗೆಯಲ್ಲಿ ಕುದಿ ಬಂದದ್ದೂ ತಿಳಿಯಲಿಲ್ಲ. ಒಂದು ತಿಂಗಳ ತೊಗಲು ಹಾಳಾಯಿತು.

"ಅಪ್ಪ ಕಲಿಸಿದ್ದು ನನ್ನ ಕೈಯಾಗೈತಿ, ಹಿತ್ತಾಳ್ಯಾಗ ಹುಣಸಿಬೀಜ ಐತಿ" ಎಂದು ಮೊಬೈಲನ್ನು ಹೆಂಡತಿಯ ಮುಂದೆ ಹಿಡಿದ.

ಚಂದ್ರಾಬಾಯಿ ಓದಿದಳು. ಆಕೆ ಏಳನೆಯ ಇಯತ್ತೆ ಪಾಸಾದವಳು, ಎರಡು ಸಲ ಓದಿದಳು. "ಇದನ್ನ ಅವರು ಬರದಿಲ್ಲ, ನೀವ ಬರಸೀರಿ. ಗಡಿಗಿ ಒಡೀರಿ, ಇಲ್ಲಾ ಹೆಸರು ಹಿಡದು ಕೂಗ್ರಿ. ಅರಿವಿ ಮುಚ್ಚಿ ಇಟ್ಕೊಂಡು ನನ್ನ ಮೂಗಿಗೆ ವಾಸನಿ ಹಿಡಸಬ್ಯಾಡ್ರಿ."

ಮರುದಿನ ಮರೆಪ್ಪ ಮೊದಲ ಬಸ್ಸಿಗೇ ವಿಜಯಪುರಕ್ಕೆ ಹೋದ. ಸಭಾಭವನದಲ್ಲಿ ಮೂವರೂ ಇದ್ದರು. ವಾಡೆ ಪೆಟ್ಟಿಗೆಯೊಳಗೆ ಕೂತಿತ್ತು, ಮುಂದೆ ಫಲಕ. ದಾರಿಯುದ್ದಕ್ಕೂ ಹೊಂದಿಸಿಕೊಂಡ ಮಾತು ಬಾಯಿಗೆ ಬರಲಿಲ್ಲ, ಬೇರೆಯೇ ಬಂತು.

"ಈ ಸಾಲು ಬದಲಿ ಮಾಡ್ರಿ. ಅಂಟು ಹುಣಸಿಬೀಜದ್ದಲ್ಲ. ಸರೇಸು. ಮ್ಯಾಕಿ ತೊಗಲು ಕಾಸಿದ್ದು. ಒಂಬತ್ತು ವರ್ಷ ನಿಮಗ ಸುಳ್ಳು ಹೇಳೀನಿ. ಬೈಯೋದಿದ್ರ ಬೈದಬಿಡ್ರಿ."

ಅವನು ಎಲ್ಲದಕ್ಕೂ ಸಿದ್ಧನಾಗಿದ್ದ. ಯಾರಾದರೂ ಒಂದು ಹೆಜ್ಜೆ ಹಿಂದೆ ಸರಿಯಬಹುದು, ಕೈ ಒರೆಸಿಕೊಳ್ಳಬಹುದು, ಛೀ ಎನ್ನಬಹುದು. ಅಂದರೆ ಏನು ಉತ್ತರ ಕೊಡಬೇಕೆಂದು ಬಸ್ಸಿನಲ್ಲಿ ಯೋಚಿಸಿ ಇಟ್ಟುಕೊಂಡಿದ್ದ. ಯಾರೂ ಬೆಚ್ಚಲಿಲ್ಲ. ವಿದ್ಯಾವತಿ ಚಸ್ಮಾ ತೆಗೆದು ಸೆರಗಿನಿಂದ ಒರೆಸತೊಡಗಿದರು. ಗೈಬುಸಾಬ ಪೆಟ್ಟಿಗೆಯ ಅಂಚಿನ ಪಾಲಿಶ್ ಕೆರೆಯುತ್ತ ನಿಂತ.

"ಕೂಡ್ರಿ ಕಾಕಾ, ಚಾ ತರಸ್ತೀನಿ" ಎಂದ ಅರುಣಕುಮಾರ.

"ನಾ ಹೇಳಿದ್ದು ಕೇಳಿಸ್ತೇನು?"

"ಕೇಳಿಸ್ತು."

"ಮತ್ತ?"

ಗೈಬುಸಾಬ ಗಂಟಲು ಸರಿಮಾಡಿಕೊಂಡ. "ಮರೆಪ್ಪಭಾಯಿ, ನಲವತ್ತೈದು ವರ್ಷ ಕಟ್ಟಿಗಿ ಕೆಲಸದಾಗ ಅದೀನಿ. ಸರೇಸಿನ ವಾಸನಿ ನನ್ನ ಮೂಗಿಗೆ ಗೊತ್ತಾಗೂದಿಲ್ಲೇನು? ಮೊದಲನೇ ದಿನಾನ ಗೊತ್ತಾಗಿತ್ತು."

ಮರೆಪ್ಪ ವಿದ್ಯಾವತಿಯ ಕಡೆ ತಿರುಗಿದ. "ಅಕ್ಕೋರ, ನಿಮಗ?"

"ಮೂರನೇ ಸಲ ಹುಣಸಿಬೀಜ ಕುದಿಸಿದಾಗ ತಿಳೀತ್ರಿ."

"ಮತ್ತ ನಾಲ್ಕನೇ ಸಲ ಯಾಕ ಕುದಿಸಿ ತಂದ್ರಿ?"

"ನೀವ ಬಾಯಿ ಬಿಟ್ಟು ಹೇಳ್ತೀರೇನೋ ಅಂತ."

ಅರುಣಕುಮಾರ ಹತ್ತಿರ ಬಂದು ಮರೆಪ್ಪನ ಹೆಗಲ ಮೇಲೆ ಕೈಯಿಟ್ಟ. ಪ್ರೀತಿಯಿಂದಲೇ ಇಟ್ಟ. ಅದೇ ತಪ್ಪಾಯಿತು. "ಎಲ್ಲಾರಿಗೂ ಗೊತ್ತಿತ್ರಿ ಕಾಕಾ. ನಿಮ್ಮ ಮನಸ್ಸಿಗೆ ನೋವಾಗಬಾರ್ದು ಅಂತ ಯಾರೂ ಅಂದಿಲ್ಲ. ಇಷ್ಟು ದಿನ ನಿಮ್ಮ ಮಾನ ಕಾಯ್ದೀವಿ."

ಮರೆಪ್ಪನಿಗೆ ತಲೆಯಿಂದ ಕಾಲಿನತನಕ ಉರಿ ಹತ್ತಿತು. ಒಂಬತ್ತು ವರ್ಷ! ಪ್ರತಿ ಭಾನುವಾರ ಬಸ್ಸು ಹತ್ತುವ ಮುಂಚೆ ಎರಡು ಸಲ ಸಾಬೂನು ಹಚ್ಚಿ ಕೈ ತೊಳೆದುಕೊಂಡದ್ದು, ಡಬ್ಬಿಗೆ ನಾಲ್ಕು ಲವಂಗ ಹಾಕಿ ವಾಸನೆ ಮುಚ್ಚಿದ್ದು, ಯಾರಾದರೂ ಮೂಗು ಎಳೆದರೆ ಎದೆ ಧಸಕ್ಕೆಂದದ್ದು, ಇವರೆಲ್ಲ ನೋಡುತ್ತ ಕೂತಿದ್ದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ನೋಡಿದ ಹಾಗೆ ನೋಡಿದ್ದರು. ಅವನು ಸುಳ್ಳನ್ನು ಒಬ್ಬನೇ ಹೊತ್ತಿದ್ದೇನೆಂದು ತಿಳಿದಿದ್ದ. ಹೊರಿಸಿದವರು ಮೂವರೂ ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದರು.

ಅವನು ಹೆಗಲ ಮೇಲಿನ ಕೈಯನ್ನು ತೆಗೆದುಹಾಕಿದ. "ನೀವು ಕಾಯ್ದದ್ದು ನನ್ನ ಮಾನಾನೋ, ನಿಮ್ಮ ಮಡೀನೋ?"

"ಹಂಗಂದ್ರ ಹೆಂಗ್ರಿ?"

"ಗೊತ್ತಿತ್ತಂದ್ರ ಬರೀಯಾಕ ಏನಡ್ಡಿ? ಸರೇಸು ಅಂತ ಬರಸ್ರಿ."

ಅರುಣಕುಮಾರ ಒಮ್ಮೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ನನಗೇನೂ ಇಲ್ಲರಿ. ನಮ್ಮವ್ವ ಇದಾಳಲ್ಲ. ತಿಂಗಳ ಮ್ಯಾಲ ಈ ವಾಡೇ ನಮ್ಮನಿ ದೇವರ ಜಗಲಿ ಬಾಜೂಕ ಇಡೂದದ. ಒಳಗಿನ ದೇವರ ಮನ್ಯಾಗ ದೀಪಾ ಹಚ್ಚತೀನಿ ಅಂತ ಕುಂತಾಳ. ಎಂಬತ್ತು ವರ್ಷದಾಕಿ. ತೊಗಲಿನ ಅಂಟು ಅಂದ್ರ ಎದಿ ಒಡಕೊಂಡಾಳು. ನಾಕು ಮಂದಿ ಬೀಗರು ಬರ್ತಾರ. ಗೊತ್ತಿರೂದು ಬ್ಯಾರೆ, ಬರಸೂದು ಬ್ಯಾರೆ. 'ಮನೆಯಲ್ಲಿ ಕಾಸಿದ ಅಂಟು' ಅಂತಷ್ಟ ಬರಸೂಣು. ಅದು ಸುಳ್ಳೂ ಅಲ್ಲ."

"ಯಾವ ಮನೀ ಅಂತ ಕೇಳಿದ್ರ ಏನಂತೀರಿ?"

"ಕಾಕಾ, ಸಣ್ಣ ಮಾತು ದೊಡ್ಡದು ಮಾಡಬ್ಯಾಡ್ರಿ. ಬೇಕಾದ್ರ ಅಂಟಿನ ಸಾಲನ್ನ ತಗದಬಿಡ್ತೀನಿ."

"ಅಂಟು ತಗದ್ರ ನನ್ನ ಹೆಸರೂ ತಗೀರಿ! ಅದಿಲ್ದ ಇದರಾಗ ನಾ ಏನ್ ಮಾಡೀನಿ?"

ಸಿಟ್ಟಿನಲ್ಲಿ ಆಡಿದ ಮಾತು. ಮೂವರಲ್ಲಿ ಒಬ್ಬರಾದರೂ 'ಅದೆಂಗ ಆಗತದ, ಹೆಸರು ಇರಲೇಬೇಕು' ಎನ್ನುತ್ತಾರೆಂದು ಅವನು ಒಂದು ಕ್ಷಣ ಕಾದ. ಗೈಬುಸಾಬ ನೆಲ ನೋಡಿದ. ವಿದ್ಯಾವತಿ ಬಾಯಿ ತೆರೆದು ಅರುಣಕುಮಾರನ ಮುಖ ನೋಡಿ ಮುಚ್ಚಿದರು.

"ನಿಮ್ಮಿಷ್ಟರಿ" ಎಂದ ಅರುಣಕುಮಾರ.

ಸೋಮವಾರ ತಾನು ಹೋಗುವುದಿಲ್ಲ ಎಂದು ಮರೆಪ್ಪ ಮನೆಯಲ್ಲಿ ಗುಡುಗಿದ. ಚಂದ್ರಾಬಾಯಿ ಕೇಳಲಿಲ್ಲ. "ಮೂರು ವರ್ಷ ನಿಮ್ಮ ವಾಸನಿ ಉಂಡಾಕಿ ನಾನು. ಏನು ಕಟ್ಟೀರಿ ನೋಡಬ್ಯಾಡೇನು?" ಎಂದು ವಿಹಾರಕ್ಕೆ ಉಡುವ ಬಿಳಿ ಸೀರೆಯುಟ್ಟು ಬಸ್ ಸ್ಟ್ಯಾಂಡಿನಲ್ಲಿ ನಿಂತಳು. ಹಿಂದೆ ಇವನೂ ಹೋಗಬೇಕಾಯಿತು.

ಸಭಾಭವನದ ತುಂಬ ಜನ. ಹಿತ್ತಾಳೆಯ ಫಲಕ ಹೋಗಿ ಅದರ ಜಾಗದಲ್ಲಿ ಗಟ್ಟಿ ಕಾಗದದ್ದು ಬಂದಿತ್ತು. ಅಂಟಿನ ಸಾಲು ಇರಲಿಲ್ಲ. 'ಕಟ್ಟಿದವರು' ಎಂಬುದರ ಕೆಳಗೆ ಮೂರು ಹೆಸರಿದ್ದವು. ತಾನೇ ತೆಗೆಯಿರೆಂದು ಹೇಳಿದ್ದರೂ, ಮರೆಪ್ಪ ಆ ಮೂರು ಹೆಸರನ್ನು ಮತ್ತೊಮ್ಮೆ ಎಣಿಸಿ ನೋಡಿದ. ಚಂದ್ರಾಬಾಯಿ ಗಾಜಿಗೆ ಮುಖ ಹಚ್ಚಿ ಕಂಬಗಳನ್ನು, ಅಟ್ಟವನ್ನು, ಜಂತಿಯನ್ನು ಒಂದೊಂದಾಗಿ ನೋಡಿದಳು. ಆಮೇಲೆ ಫಲಕ ಓದಿದಳು. ಆಮೇಲೆ ಸುತ್ತಲಿನ ನಾಲ್ಕಾರು ಮಂದಿಗೆ ಕೇಳುವಂತೆ, "ಮೂರು ಮಂದಿ ಕಟ್ಟಿದ್ದು ಭಾಳ ಚಂದ ನಿಂತೈತಿ. ಯಾತರ ಮ್ಯಾಲ ನಿಂತೈತೋ ಅದನ್ನಷ್ಟ ಬರದಿಲ್ಲ ನೋಡ್ರಿ" ಎಂದಳು. ವಿದ್ಯಾವತಿಯ ಮುಖ ಕಪ್ಪಿಟ್ಟಿತು.

ಕಾಳವ್ವನನ್ನು ಗಾಲಿಕುರ್ಚಿಯಲ್ಲಿ ಕರೆತಂದಿದ್ದರು. ಮುದುಕಿ ಬಹಳ ಹೊತ್ತು ವಾಡೆಯನ್ನೇ ನೋಡಿದರು. ಆಮೇಲೆ ತಲೆಯೆತ್ತಿ ಮರೆಪ್ಪನನ್ನು ನೋಡಿದರು. ಆ ನೋಟ ಅವನ ಮೇಲಿಂದ ಬೇಗ ಸರಿಯಲಿಲ್ಲ. ಮಗ ಎಲ್ಲ ಹೇಳಿರಬೇಕು, ಈಗ ಮುದುಕಿ ತಾನು ಕೊಟ್ಟ ಚಹಾ ಕಪ್ಪುಗಳ ಲೆಕ್ಕ ಹಾಕುತ್ತಿರಬೇಕು ಎಂದುಕೊಂಡ ಮರೆಪ್ಪ. ಹೆಂಡತಿಯ ಕೈ ಹಿಡಿದು ಎಳೆದುಕೊಂಡು ಹೊರಬಿದ್ದ. ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ. ಕಂಡಕ್ಟರ್ ಚಿಲ್ಲರೆ ಕೇಳಿದ್ದಕ್ಕೆ ಅವನ ಮೇಲೆ ಹರಿಹಾಯ್ದ, ಅಷ್ಟೆ.

ಅದಾಗಿ ಮೂರು ವಾರಕ್ಕೆ ಫೋನು ಬಂತು. ಮರೆಪ್ಪ ಹಿತ್ತಲಲ್ಲಿ ಹೊಸ ಗಡಿಗೆ ಏರಿಸಿದ್ದ. ಚಂದ್ರಾಬಾಯಿ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಕೈಗೆಲ್ಲ ಅಂಟಾಗಿದ್ದರಿಂದ ಅವನು ಕಿರುಬೆರಳಲ್ಲಿ ಗುಂಡಿ ಒತ್ತಿ ಸ್ಪೀಕರ್ ಹಚ್ಚಿ ಮೊಬೈಲನ್ನು ಇಟ್ಟಂಗಿಯ ಮೇಲಿಟ್ಟ.

"ಕಾಕಾ, ನಾ ಅರುಣಕುಮಾರ. ಆರಾಮರೀ?"

"ಏನ್ ಬೇಕು ಹೇಳ್ರಿ."

ಬೇಕಾದದ್ದು ಇತ್ತು. ಸಭಾಭವನದಲ್ಲಿ ಪೆಟ್ಟಿಗೆಯ ಗಾಜು ತೊಳೆಯುವವನು ನೀರು ಚೆಲ್ಲಿದ್ದ. ನೀರು ಮುಂದಿನ ಸಾಲಿನ ಕಂಬಗಳ ಬುಡಕ್ಕೆ ಇಳಿದು ಒಂಬತ್ತು ಕಂಬ ಬಿಟ್ಟಿದ್ದವು, ಅಟ್ಟ ಜೋತುಬಿದ್ದಿತ್ತು. ಅರುಣಕುಮಾರ ವಾಡೆಯನ್ನು ಮನೆಗೆ ತಂದು ಪೇಟೆಯ ಅಂಟು ಹಚ್ಚಿ ನೋಡಿದ್ದ. ಹಳೆಯ ಅಂಟಿನ ಮೇಲೆ ಅದು ಕೂರಲಿಲ್ಲ. "ನಿಮ್ಮ ಅಂಟಿಗೆ ನಿಮ್ಮ ಅಂಟ ಬೇಕು ನೋಡ್ರಿ. ಒಂದು ಡಬ್ಬಿ ಕೊಡ್ರಿ. ನಾನ ತಿಕೋಟಾಕ್ಕ ಬಂದು ಒಯ್ತೀನಿ."

ಮರೆಪ್ಪ ಗಡಿಗೆಯಲ್ಲಿ ಕೋಲಾಡಿಸಿದ. "ಯಾವ ಅಂಟು?"

"ಅದ ರೀ, ನಿಮ್ಮದು."

"ಹೆಸರು ಹೇಳಿ ಕೇಳ್ರಿ. ಕೊಡ್ತೀನಿ."

ಚಂದ್ರಾಬಾಯಿ ಮೊರದಲ್ಲಿ ಜೋಳ ಕೇರುವುದನ್ನು ನಿಲ್ಲಿಸಿದಳು.

"ಕಾಕಾ, ಅವ್ವ ಇಲ್ಲೇ ಕುಂತಾಳರಿ" ಎಂದು ಪಿಸುಗುಟ್ಟಿದ ಅರುಣಕುಮಾರ.

"ಕುಂಡ್ರಲಿ. ಜೋರಾಗಿ ಹೇಳ್ರಿ."

ಆ ಕಡೆ ಏನೋ ಸರಿದಾಡಿದ ಸದ್ದು, ಬಳೆಯ ಸದ್ದು, ಮುದಿ ದನಿ. "ಕೊಡ್ಲಾ ಇಲ್ಲಿ... ಯಾರು, ಮರೆಪ್ಪನೇನು? ಸರೇಸು ಬೇಕಾಗೇತಪ್ಪಾ. ಸರೇಸು. ಇಂವಗ ಅನ್ನಾಕ ನಾಚಿಕಿ ಬರ್ತೈತಿ, ನನಗ ಬರೂದಿಲ್ಲ."

ಮರೆಪ್ಪನ ಕೈಯಲ್ಲಿದ್ದ ಕೋಲು ನಿಂತಿತು.

"ಯಲಗೂರನ ಮಗ ಅಲ್ಲೇನು ನೀನು?" ಎಂದರು ಕಾಳವ್ವ. "ಮೊದಲನೇ ದಿನ ಚಾ ಕೊಡುವಾಗ ಗುರ್ತು ಹಿಡದೀನಿ. ಅದ ಮಾರಿ, ಅದ ಗಂಟು ಹುಬ್ಬು. ನಾ ಸೊಸಿಯಾಗಿ ಆ ವಾಡೇಕ ಬಂದಾಗ ದೇವರ ಮನಿ ಬಾಗಲಾ, ಜಗಲಿ ಮ್ಯಾಲಿನ ಕಟ್ಟಿಗಿ ಮಂಟಪ ಎಲ್ಲಾ ಹೊಸದಾಗಿ ಮಾಡಸ್ತಿದ್ರು. ಸರೇಸು ನಿಮ್ಮಪ್ಪಂದ. ಅಂಥಾ ಸರೇಸು ಸುತ್ತ ಹತ್ತೂರಾಗ ಇರಲಿಲ್ಲ. ಹಿತ್ತಲ ಬಾಗಲದಾಗ ತಂದು ಇಡತಿದ್ದ, ಬಡಿಗ್ಯಾ ಒಳಗ ಒಯ್ತಿದ್ದ. ಅದ ಮಂಟಪದಾಗ ಐವತ್ತು ವರ್ಷ ದೇವರಿಗೆ ದೀಪಾ ಹಚ್ಚೀನಿ ನಾನು. ಈ ಹುಡುಗ ಈಗ ನನಗ ಮಡಿ ಕಲಸಾಕತ್ತಾನ."

ಫೋನಿನ ಹಿಂದೆ ಅರುಣಕುಮಾರ "ಅವ್ವಾ" ಎಂದದ್ದು ಕೇಳಿತು. ಚಂದ್ರಾಬಾಯಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಇನ್ನೇನು, ಎಲ್ಲ ಸರಿಹೋಯಿತು ಎಂದು ಆಕೆಗೆ ಅನ್ನಿಸಿರಬೇಕು. ಮುದುಕಿಗೂ ಹಾಗೆಯೇ ಅನ್ನಿಸಿತ್ತು. ದನಿಯಲ್ಲಿ ನಗು ಇತ್ತು, ತಾನು ದೊಡ್ಡದೊಂದು ಉಪಕಾರ ಮಾಡಿದೆನೆಂಬ ನಿರಾಳ ಇತ್ತು.

ಮರೆಪ್ಪನ ಕಣ್ಣ ಮುಂದೆ ಅಪ್ಪ ನಿಂತಿದ್ದ. ಬಿಸಿಲಲ್ಲಿ, ಹಿತ್ತಲ ಬಾಗಿಲಲ್ಲಿ, ಕೈಯಲ್ಲಿ ಸರೇಸಿನ ಗಡಿಗೆ ಹಿಡಿದು. ಹೊಸ್ತಿಲ ಆಚೆ ಗಡಿಗೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು.

"ಯವ್ವಾ" ಎಂದ. ದನಿ ತಗ್ಗಿರಲಿಲ್ಲ. "ಅಂಟು ದೇವರ ಮನೀತನಾ ಬಂತು. ನಮ್ಮಪ್ಪ ಯಾಕ ಹೊರಗ ನಿಂತ?"

ಆ ಕಡೆ ಮುದುಕಿ ಉಸಿರಾಡುವುದು ಕೇಳುತ್ತಿತ್ತು. ಚಂದ್ರಾಬಾಯಿ ಎದ್ದು ಬಂದು ಗಂಡನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಅವನ ಕೈಯಿಂದ ಕೋಲು ತೆಗೆದುಕೊಂಡು ಗಡಿಗೆಯಲ್ಲಿ ಆಡಿಸತೊಡಗಿದಳು. ಮರೆಪ್ಪ ಫೋನು ಇಡಲಿಲ್ಲ. ಉತ್ತರ ಬರುವತನಕ ಇಡುವವನೂ ಅಲ್ಲ.